ನೀಲಕಂಠನ ಆರು ಪರದೆ

ಕೈಲಾಂಚದ ಡ್ರೈವರ್ ನೀಲಕಂಠನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ರೂಢಿ ಇದ್ದವರು ಅಳತೆ ಇಟ್ಟುಕೊಂಡು ಹೇಳುತ್ತಾರೆ. ಸಿಕ್ಕಿಬಿದ್ದರೆ ನಕ್ಕು ಜಾರಿಕೊಳ್ಳುವಷ್ಟು ಜಾಗ ಬಿಟ್ಟಿರುತ್ತಾರೆ. ಐವತ್ತು ದಾಟುವವರೆಗೂ ನೆಟ್ಟಗೆ ಬದುಕಿದ್ದ ಈ ಮನುಷ್ಯ ತನ್ನ ಮೊದಲ ಸುಳ್ಳನ್ನೇ ಒಂದು ಗೋಡೆಯಷ್ಟು ಅಗಲ ಹೇಳಿಬಿಟ್ಟ.

ಅದಕ್ಕೆ ಮೊದಲು ನಡೆದದ್ದು ಕಣ್ಣಿನ ಪರೀಕ್ಷೆ. ಸರ್ಕಾರಿ ಬಸ್ಸಿನ ಡ್ರೈವರುಗಳಿಗೆಲ್ಲ ಅದು ಆಗಾಗ ಇದ್ದದ್ದೇ. ನೀಲಕಂಠ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ, ಅದರ ಕೆಳಗಿದ್ದ ಅಚ್ಚುಕೂಟದ ಹೆಸರಿನ ಸಮೇತ, ಗಟ್ಟಿಯಾಗಿ ಓದಿದ. ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಲು ಹೇಳಿದರು. ಆಮೇಲೆ, ಕಣ್ಣೊಳಗೆ ಒತ್ತಡ ಹೆಚ್ಚಿದೆ, ನಡುವಿನ ನೋಟ ಚೆನ್ನಾಗಿದೆ, ಎರಡೂ ಪಕ್ಕದ ನೋಟ ಹೋಗಿದೆ, ಬೇಗ ದೊಡ್ಡ ಆಸ್ಪತ್ರೆಗೆ ತೋರಿಸಿ ಅಂದರು. ಇನ್ನು ಮುಂದೆ ಸ್ಟೇರಿಂಗ್ ಮುಟ್ಟಕೂಡದು ಅಂತಲೂ ಬರೆದರು.

ನೀಲಕಂಠ ಮನೆಗೆ ಬಂದು ಹೆಂಡತಿ ಯಶೋಧಾಳ ಮುಂದೆ ಕೂಗಾಡಿದ.

"ಕಂಡ ಚುಕ್ಕಿಗೆಲ್ಲ ಒತ್ತಿದೀನಿ ಕಣೆ, ಒಂದೂ ಬುಟ್ಟಿಲ್ಲ! ಕಾಣ್ದಿರೋ ಚುಕ್ಕಿಗೆ ಒತ್ತಕ್ಕೆ ನಾನೇನ್ ಕಣಿ ಹೇಳೋನಾ?"

ಯಶೋಧಾ ಹಸುವಿನ ಕೆಚ್ಚಲು ತೊಳೆಯುತ್ತ, "ಅಂಗಾರೆ ಕಾಣ್ದಿರೋ ಚುಕ್ಕಿ ಇದ್ವು ಅಂತ ಆಯ್ತಲ್ಲ," ಅಂದಳು. "ದೊಡ್ಡಾಸ್ಪತ್ರೆಗೆ ವೋಗಿ ಬರಾಣ ನಡೀರಿ."

"ಆ ಡಾಕ್ಟ್ರುಗೆ ನನ್ ಮೇಲೆ ಏನೋ ಸಿಟ್ಟೈತೆ. ಯಾವತ್ತೋ ಬಸ್ ನಿಲ್ಲಿಸ್ದೆ ಬಂದಿರ್ಬೇಕು," ಎಂದು ಎದ್ದು ಹೋಗುವಾಗ ಅವನ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಬಾಗಿಲನ್ನೂ ಬೈದ.

ಡಿಪೋದವರು ಒಳ್ಳೆಯವರು. ಕೆಲಸದಿಂದ ತೆಗೆಯಲಿಲ್ಲ, ಸಂಬಳ ಮುರಿಯಲಿಲ್ಲ. ಗೇಟಿನಲ್ಲಿ ಒಂದು ಕುರ್ಚಿ ಹಾಕಿ, ಬಸ್ಸು ಬಂದರೆ ಸರಪಳಿ ಇಳಿಸುವುದು, ಹೋದ ಮೇಲೆ ಏರಿಸುವುದು, ಇಷ್ಟು ಕೆಲಸ ಕೊಟ್ಟರು. ಕೈಲಾಂಚದ ಬಸ್ಸಿಗೆ ಕುಮಾರ ಎಂಬ ಹುಡುಗ ಬಂದ. ಗೇರು ಹಾಕುವುದನ್ನು ನೀಲಕಂಠನಿಂದಲೇ ಕಲಿತವನು. ದಿನಾ ಗೇಟಿನ ಹತ್ತಿರ ಬಸ್ಸು ನಿಧಾನ ಮಾಡಿ, ಕೈಯೆತ್ತಿ ನಮಸ್ಕಾರ ಮಾಡಿ ಹೋಗುತ್ತಿದ್ದ. ನೀಲಕಂಠ ಸರಪಳಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

ಊರಿಗೆ ಇದೇನೂ ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತಿದ್ದಾಗ ಸೆಕ್ರೆಟರಿ ಚನ್ನಬಸವಯ್ಯ ಎಲ್ಲರಿಗೂ ಕೇಳುವಂತೆ ಕೇಳಿದ. ಚನ್ನಬಸವಯ್ಯನಿಗೆ ಗುಟ್ಟಾಗಿ ಕೇಳುವ ವಿದ್ಯೆ ಬರುತ್ತಿರಲಿಲ್ಲ.

"ಏನ್ಲಾ ನೀಲಕಂಠ, ಡ್ರೈವರ್ ಸೀಟಲ್ಲಿ ಕಾಣಾಕಿಲ್ಲ? ಕಿತ್ತಾಕುದ್ರಾ?"

ಸಾಲೆಲ್ಲ ತಿರುಗಿ ನೋಡಿತು. ನೀಲಕಂಠ ಹಾಲಿನ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಪ್ರಮೋಷನ್ನು ಕಣಣ್ಣ," ಅಂದ. "ಕಂಟ್ರೋಲ್ ರೂಮಿಗೆ ಹಾಕವ್ರೆ."

"ಅಂಗಂದ್ರೆ?"

"ಒಂದು ಗೋಡೆ ತುಂಬ ಟೀವಿ ಇರ್ತವೆ. ಯಾವ ಬಸ್ಸು ಎಲ್ಲೈತೆ, ಎಲ್ಲಾ ಕಾಣ್ತದೆ. ಕುಂತಲ್ಲೇ ನೋಡ್ಕೊಳ್ಳೋದು."

"ಎಷ್ಟ್ ಟೀವಿ?"

ಇಲ್ಲಿ ಒಂದು ಅಂದಿದ್ದರೆ ಕಥೆ ಮುಗಿಯುತ್ತಿತ್ತು. "ಆರು," ಅಂದ ನೀಲಕಂಠ.

ಚನ್ನಬಸವಯ್ಯ ನಂಬಿದನೋ ಇಲ್ಲವೋ, ಸಂಜೆ ಬಸ್ಸು ಬಂದಾಗ ಕುಮಾರನನ್ನು ಅಡ್ಡಹಾಕಿ ಕೇಳಿಯೇ ಕೇಳಿದ. ಕುಮಾರ ಗುರುವಿನ ಮರ್ಯಾದೆ ದೊಡ್ಡದೆಂದು ಎಣಿಸಿ, "ಊಂ, ನೋಡ್ತಾವ್ರೆ. ಎಲ್ಲಾನೂ ನೋಡ್ತಾವ್ರೆ," ಅಂದುಬಿಟ್ಟ. ಅಲ್ಲಿಗೆ ಸುಳ್ಳಿಗೆ ಸರ್ಕಾರಿ ಮೊಹರು ಬಿದ್ದಂತಾಯಿತು.

ಅಂದಿನಿಂದ ಜನ ಬಸ್ಸಿನೊಳಗೆ ಬೀಡಿ ಹಚ್ಚುವುದನ್ನು ಬಿಟ್ಟರು. ಮಾವನ ಮನೆಗೆಂದು ಹೇಳಿ ಇನ್ನೆಲ್ಲಿಗೋ ಹೋಗುತ್ತಿದ್ದವನೊಬ್ಬ ನೀಲಕಂಠನ ಮನೆಗೆ ಬಾಳೆಗೊನೆ ತಂದಿಟ್ಟು, ಏನೂ ಮಾತಾಡದೆ ಹೋದ. ಮುಂಜಾನೆ ಡೈರಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಬಸ್ಸು ಇವತ್ತು ಎಷ್ಟೊತ್ತಿಗೆ? ನೀಲಕಂಠ ಮೊದಮೊದಲು ಗೊಣಗಿ ತಪ್ಪಿಸಿಕೊಂಡ. ಆಮೇಲೆ ಹಳೆಯ ಅನುಭವದ ಮೇಲೆ, ಸೋಮವಾರವಾದರೆ ಸಂತೆ ರಶ್ಶು, ಮಂಜು ಬಿದ್ದರೆ ನಿಧಾನ ಎಂದು ಲೆಕ್ಕ ಹಾಕಿ ಹೇಳತೊಡಗಿದ. ನಾಲ್ಕು ಸಲ ಸರಿಹೋದದ್ದನ್ನು ಊರು ಹೊಗಳಿತು. ತಪ್ಪಿದ್ದಕ್ಕೆ ರಸ್ತೆಯನ್ನು ಬೈಯಿತು.

ಹೀಗಿರುವಾಗ ಮಾಯಮ್ಮ ಬಂದಳು. ಊರಾಚೆ ಕುರಿ ಹಟ್ಟಿಯ ಮುದುಕಿ. ಬೆಳಕು ಹರಿಯುವ ಹೊತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಓಡಿಬಂದು, ಕಬ್ಬಾಳಿನಲ್ಲಿ ಅಕ್ಕ ಹೋಗಿಬಿಟ್ಟಳು, ಮಣ್ಣಿಗೆ ಹೋಗಬೇಕು, ಬಸ್ಸು ಎಲ್ಲಿದೆ ನೋಡಪ್ಪ ಅಂದಳು.

"ತಡ ಐತೆ ಮಾಯವ್ವ," ಅಂದ ನೀಲಕಂಠ, ಅವತ್ತು ರಜೆಯಾದ್ದರಿಂದ ಸಾವಕಾಶವಾಗಿ ಹಲ್ಲುಜ್ಜುತ್ತಲೇ. "ಮಂಜು ಬಿದ್ದೈತೆ. ಹಟ್ಟಿಗೆ ವೋಗಿ ಕುರಿ ಯಾರ್‌ಗಾರ ಒಪ್ಪಿಸಿ ಬಾ."

ಅವಳು ಹಟ್ಟಿಗೆ ಹೋದಳು. ಅವತ್ತು ಬಸ್ಸು ಹೊತ್ತಿಗೆ ಸರಿಯಾಗಿ ಬಂದು, ಹೊತ್ತಿಗೆ ಸರಿಯಾಗಿ ಹೋಯಿತು. ಮಾಯಮ್ಮ ಯಾರದೋ ಟೆಂಪೋ ಹಿಡಿದು ಕಬ್ಬಾಳು ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿ, ಜನ ಕೈಕಾಲು ತೊಳೆದುಕೊಂಡಿದ್ದರು.

ಸಂಜೆ ವಾಪಸು ಬರುತ್ತ ಅವಳು ನೀಲಕಂಠನ ಜಗಲಿಯ ಮೇಲೆ ಕೂತಳು. ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಬೈಯಲಿಲ್ಲ.

"ನಿಂದೇನ್ ತಪ್ಪಿಲ್ಲ ಕಣಪ್ಪ. ಬಸ್ಸು ಬೇಗ ಬಂದಿದ್ದು ನನ್ ಹಣೆಬರ. ನಿಮ್ ಟೀವಿ ಆಪೀಸಲ್ಲೈತೆ, ನೀನ್ ಮನೇಲಿದ್ದೆ. ಟೀವಿನೂ ಮನೇಲೇ ಇದ್ದಿದ್ರೆ ಸರ್ಯಾಗಿ ಕಾಣ್ತಿತ್ತೇನೋ."

ನೀಲಕಂಠ ಅವತ್ತು ಉಣ್ಣಲಿಲ್ಲ. ಮರುದಿನ ಡೈರಿಯಲ್ಲಿ ಚನ್ನಬಸವಯ್ಯ, "ಮನೇಲೂ ಒಂದ್ ಸೆಟ್ ಮಡಿಕ್ಕೊಬಾರ್ದೇನ್ಲಾ?" ಎಂದು ಕೇಳಿದಾಗ, "ಮಡಗ್ತಾ ಇವ್ನಿ. ಆರ್ಡರ್ ಆಗೈತೆ," ಅಂದ. ಇದು ಎರಡನೆಯ ಸುಳ್ಳು. ಆದರೆ ಇದನ್ನು ನಿಜ ಮಾಡಿಯೇ ತೀರಬೇಕೆಂದು ಅವನು ಆ ಕ್ಷಣವೇ ತೀರ್ಮಾನಿಸಿದ. ಮನೆಯಲ್ಲಿ ನಿಜವಾಗಿ ಆರು ಪರದೆ ಇದ್ದರೆ, ಅದರಲ್ಲಿ ನಿಜವಾಗಿ ಬಸ್ಸು ಕಂಡರೆ, ಇನ್ನು ಯಾರಿಗೂ ಸುಳ್ಳು ಹೇಳಬೇಕಾಗಿಲ್ಲವಲ್ಲ! ಮನುಷ್ಯ ಸುಳ್ಳಿನ ಗುಂಡಿಯಿಂದ ಮೇಲೆ ಬರಲು ಹೀಗೂ ಏಣಿ ಹಾಕುತ್ತಾನೆ.

ಅಂದೇ ನಡುಮನೆಯ ಗೋಡೆಯಿಂದ ದೇವರ ಪಟಗಳನ್ನು ಇಳಿಸಿ, ಸೀಮೆಸುಣ್ಣದಲ್ಲಿ ಆರು ಚೌಕ ಬರೆದ. ಮೂರರ ಮೇಲೆ ಮೂರು. ಸರಿ ಕಾಣಲಿಲ್ಲ. ಒರೆಸಿ, ಸಾಲಾಗಿ ಆರು ಬರೆದ. ಆರನೆಯದು ಅಡುಗೆಮನೆ ಬಾಗಿಲಿನ ಮೇಲೆ ಹೋಯಿತು.

"ನಾನು ಟೀವಿಯೊಳಗಿಂದ ನುಗ್ಗಿ ಮುದ್ದೆ ತರ್ಬೇಕಾ?" ಎಂದು ಯಶೋಧಾ ಕೇಳಿದಳು. "ಆಸ್ಪತ್ರೆಗೆ ಬರ್ರಿ ಅಂದ್ರೆ ಗೋಡೆ ಅಳೀತಾ ಕುಂತವ್ರೆ."

ಚನ್ನಪಟ್ಟಣದಲ್ಲಿ ಆಫ್ತಾಬ್ ಎಂಬುವನದು ಕಂಪ್ಯೂಟರ್ ಅಂಗಡಿ. ರಜೆಯ ದಿನವೂ ಖಾಕಿ ತೊಟ್ಟು ನೀಲಕಂಠ ಅಲ್ಲಿಗೆ ಹೋದ. ಆರು ಪರದೆ ಅಂದಕೂಡಲೇ ಆಫ್ತಾಬ್ ಕುಡಿಯುತ್ತಿದ್ದ ಚಹಾ ಕೆಳಗಿಟ್ಟ.

"ಪರದೆ ದೊಡ್ಡ ವಿಷ್ಯ ಅಲ್ಲ ಸಾರ್. ಮುಚ್ಚೋಗಿರೋ ಆಫೀಸಿಂದು ಸೆಕೆಂಡ್ ಹ್ಯಾಂಡ್ ಮಾನಿಟರ್ ನನ್ ಹತ್ರನೇ ಬೇಕಾದಷ್ಟೈತೆ. ಅಷ್ಟನ್ನೂ ಎಳೆಯೋ ಗ್ರಾಫಿಕ್ಸ್ ಕಾರ್ಡ್ ಬೇಕಲ್ಲ? ಒಂದು ಕಾರ್ಡಿಗೆ ನಾಲ್ಕು ವಯರ್ ಸಿಗ್ಸಬಹುದು. ಮಿಕ್ಕಿದ್ದೆರಡು ಬೇರೆ ಕಡೆಯಿಂದ ತರ್ಬೇಕು. ಪವರ್ ಸಪ್ಲೈ ದೊಡ್ಡದು ಹಾಕ್ಬೇಕು. ಬಿಸಿ ಆಗ್ತದೆ, ಫ್ಯಾನ್ ಬೇಕು. ಕರೆಂಟ್ ಹೋದ್ರೆ ಯುಪಿಎಸ್."

ನೀಲಕಂಠನಿಗೆ ಎಂಜಿನ್ನು, ರೇಡಿಯೇಟರು, ಬ್ಯಾಟರಿ ಎಂದು ತಿಳಿಯಿತು. ತಲೆಯಾಡಿಸಿದ.

"ಏನ್ ಕೆಲ್ಸಕ್ಕೆ ಸಾರ್? ಶೇರು ಮಾರ್ಕೆಟ್ಟಾ? ವಿಡಿಯೋ ಎಡಿಟಿಂಗಾ? ಕೆಲ್ಸ ನೋಡ್ಕೊಂಡು ಮಿಷನ್ ಕಟ್ಬೇಕು."

ನೀಲಕಂಠ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಬಸ್ಸು."

ಆಫ್ತಾಬ್ ಅವನ ಖಾಕಿ ನೋಡಿದ, ಬಿಳಿ ಕೂದಲು ನೋಡಿದ. ಅವನ ಮುಖ ಅರಳಿತು. "ಓ, ಬಸ್ಸಾ! ಮೊದ್ಲೇ ಹೇಳ್ಬಾರ್ದಾ? ಅರ್ಥ ಆಯ್ತು ಬಿಡಿ. ಹಂಗಾದ್ರೆ ಸಾಲಾಗಿ ಬ್ಯಾಡ, ಅರ್ಧ ಚಂದ್ರದ ಥರ ಬಗ್ಸಿ ಇಡಾಣ. ನಡುವೆ ಮುಂದಿನ ಗ್ಲಾಸು. ಎಡಕ್ಕೆ ಎರಡು, ಬಲಕ್ಕೆ ಎರಡು. ಆರನೇದು ತಲೆ ಮೇಲೆ, ಹಿಂದೆ ನೋಡೋ ಕನ್ನಡಿ."

ನೀಲಕಂಠನಿಗೆ ಇಷ್ಟು ದಿನದಲ್ಲಿ ತನ್ನ ಮನಸ್ಸನ್ನು ಇಷ್ಟು ಸರಿಯಾಗಿ ತಿಳಿದವನು ಇವನೊಬ್ಬನೇ ಅನ್ನಿಸಿತು.

"ಎಲ್ಲಾ ಕಾಣ್ತದಾ?"

"ರೋಡು, ಸ್ಟಾಪು, ಜನ, ಎಲ್ಲಾ. ಬೆಂಗ್ಳೂರಲ್ಲಿ ಡಾಕ್ಟ್ರುಗಳೇ ಮನೇಲಿ ಇಟ್ಕೊಂಡವ್ರೆ ಸಾರ್. ಮನ್ಸಿಗೆ ನೆಮ್ಮದಿ."

ಡಾಕ್ಟರಿಗೆ ಬಸ್ಸಿನ ಕಂಟ್ರೋಲ್ ರೂಮು ಯಾಕೆ ಎಂದು ನೀಲಕಂಠ ಕೇಳಬಹುದಿತ್ತು. ಕೇಳಲಿಲ್ಲ. ಆಫ್ತಾಬ್ ಹೇಳಿದ್ದು ಬಸ್ಸು ಓಡಿಸುವ ಆಟ, ನೀಲಕಂಠ ಕೇಳಿಸಿಕೊಂಡದ್ದು ಬಸ್ಸು ತೋರಿಸುವ ಯಂತ್ರ. ಇಬ್ಬರೂ ಕೈ ಕುಲುಕಿ, ಬಹಳ ಸಂತೋಷದಿಂದ ಬೇರೆಯಾದರು.

ಪರದೆ ನಿಲ್ಲಿಸುವ ಸ್ಟ್ಯಾಂಡನ್ನು ಅಂಗಡಿಯ ಪಕ್ಕದ ಬೀದಿಯ ಬೊಂಬೆ ಕೆಲಸದವರು ಮರದಲ್ಲಿ ಮಾಡಿಕೊಟ್ಟರು. ಅವರಿಗೆ ಬಣ್ಣ ಹಚ್ಚದೆ ಏನನ್ನೂ ಹೊರಗೆ ಕಳಿಸಿ ಗೊತ್ತಿಲ್ಲ. ಕೆಂಪು, ಹಳದಿ, ಹಸಿರು ಅರಗು ಮೆತ್ತಿಕೊಂಡು ಅದು ತೊಟ್ಟಿಲಿನಂತೆ ಹೊಳೆಯುತ್ತ ಟೆಂಪೋದಲ್ಲಿ ಬಂತು. ಯಾರ ಮನೆಯಲ್ಲಿ ಬಸುರಿ ಎಂದು ಹೆಂಗಸರು ಕೇಳಿದರು.

ಸುದ್ದಿ ಪಂಚಾಯಿತಿ ಅಧಿಕಾರಿ ಲತಾಮಣಿಯವರ ಕಿವಿಗೂ ಬಿತ್ತು. ಮೇಲಿನವರಿಗೆ ತೋರಿಸಲು ಹೊಸದೊಂದು ಕಾರ್ಯಕ್ರಮಕ್ಕಾಗಿ ಅವರು ಹುಡುಕುತ್ತಿದ್ದರು. "ಗ್ರಾಮ ಬಸ್ ಮಾಹಿತಿ ಕೇಂದ್ರ" ಎಂದು ತಾವೇ ಹೆಸರಿಟ್ಟು, ಭಾನುವಾರ ಬಂದು ಉದ್ಘಾಟನೆ ಮಾಡುತ್ತೇನೆ, ಫೋಟೋ ತೆಗೆಯುವವನನ್ನೂ ಕರೆತರುತ್ತೇನೆ ಅಂದರು. ಬೇಡವೆನ್ನಲು ನೀಲಕಂಠ ಎರಡು ಸಲ ಪಂಚಾಯಿತಿ ಕಟ್ಟೆಯವರೆಗೆ ಹೋದ. ಎರಡು ಸಲವೂ ಮೇಡಂ ಅವನ ಬೆನ್ನು ತಟ್ಟಿ ಚಹಾ ಕೊಡಿಸಿ ಕಳಿಸಿದರು.

ಭಾನುವಾರ ಮೋಡ ಕವಿದಿತ್ತು. ನಡುಮನೆಯಲ್ಲಿ ಊರೇ ನೆರೆದಿತ್ತು. ಒಳಗೆ ಜಾಗ ಸಿಗದವರು ಕಿಟಕಿಯ ಕಂಬಿ ಹಿಡಿದು ನಿಂತಿದ್ದರು. ಬೆಳಗಿನಿಂದ ವಯರು ಸಿಗಿಸಿ ಬೆವೆತಿದ್ದ ಆಫ್ತಾಬ್, ಮೇಜಿನ ಮೇಲೆ ಕೊನೆಯದಾಗಿ ಒಂದು ಸ್ಟೇರಿಂಗ್ ಚಕ್ರ ಬಿಗಿದ. ಕೆಳಗೆ ಕ್ಲಚ್ಚು, ಬ್ರೇಕು ಇಟ್ಟ.

ಜನ ಒಬ್ಬರ ಮೇಲೊಬ್ಬರು ಬಿದ್ದು ಇಣುಕಿದರು.

"ಲೇ, ನೋಡೋದಲ್ಲ ಕಣ್ರೋ," ಎಂದು ಚನ್ನಬಸವಯ್ಯ ಪಿಸುಗುಟ್ಟಿದ. ಅವನ ಪಿಸುಮಾತು ಬೀದಿಗೆ ಕೇಳಿಸುತ್ತಿತ್ತು. "ಇಲ್ಲಿಂದ್ಲೇ ಓಡ್ಸೋದು! ಕುಮಾರ ಬರೀ ಬೊಂಬೆ!"

"ಇದ್ಯಾಕಪ್ಪ?" ಎಂದು ನೀಲಕಂಠ ಆಫ್ತಾಬನ ಕಿವಿಯಲ್ಲಿ ಕೇಳಿದ.

"ಫ್ರೀ ಸಾರ್, ನನ್ ಕಡೆಯಿಂದ. ನೀವು ಡ್ರೈವರ್ರು, ಕೀಬೋರ್ಡಲ್ಲಿ ಓಡ್ಸಕ್ಕಾಯ್ತದಾ?"

ಅಷ್ಟರಲ್ಲಿ ಲತಾಮಣಿ ಮೇಡಂ ರಿಬ್ಬನ್ ಕತ್ತರಿಸಿದರು, ಯಾರೋ ಈಡುಗಾಯಿ ಒಡೆದರು, ಆಫ್ತಾಬ್ ಗುಂಡಿ ಒತ್ತಿದ.

ನೀಲಕಂಠನ ಎದುರಿಗೆ ರಸ್ತೆಯೊಂದು ತೆರೆದುಕೊಂಡಿತು. ಕಪ್ಪು ಡಾಂಬರು, ನಡುವೆ ಬಿಳಿ ಗೀಟು, ದೂರದಲ್ಲೊಂದು ಬಂಡೆ ಬೆಟ್ಟ. ಎಂಜಿನ್ನಿನ ಸದ್ದು ಗುರ್ರೆಂದಿತು.

ಜನರ ನಡುವಿನಿಂದ ಮಾಯಮ್ಮ, "ಕಬ್ಬಾಳ ಬೆಟ್ಟ!" ಅಂದು ಬೆಟ್ಟದ ದೇವಿಗೆ ಕೈಮುಗಿದಳು. "ಅವ್ವಾ, ತಾಯಿ!"

ಇದು ಕಬ್ಬಾಳಲ್ಲ, ಯಾವ ಊರೂ ಅಲ್ಲ, ಆಟ ಎಂದು ನೀಲಕಂಠನಿಗೆ ತಕ್ಷಣ ತಿಳಿಯಿತು. ಎದ್ದು ಹೇಳಿಬಿಡಬೇಕಿತ್ತು. ಆದರೆ ಅಷ್ಟರಲ್ಲಿ ಅವನ ಎರಡು ಕೈಗಳೂ ಚಕ್ರದ ಮೇಲೆ ಕೂತಿದ್ದವು. ಸರಪಳಿ ಹಿಡಿದು ಬಿರುಸಾಗಿದ್ದ ಕೈಗಳು. ಎಡಗಾಲು ತಾನಾಗಿ ಕ್ಲಚ್ಚು ಹುಡುಕಿತು. ಬಸ್ಸು ಹೊರಟಿತು.

ಬಹಳ ಚೆನ್ನಾಗಿ ಓಡಿಸಿದ. ತಿರುವಿನಲ್ಲಿ ಹಾರನ್ ಮಾಡಿದ, ಉಬ್ಬಿನಲ್ಲಿ ಗೇರು ಇಳಿಸಿದ. ಲತಾಮಣಿ ಮೇಡಂ ಚಪ್ಪಾಳೆ ತಟ್ಟಿದರು. ಅವನಿಗೆ ಸುಳ್ಳೂ ನೆನಪಿರಲಿಲ್ಲ, ಗೇಟೂ ನೆನಪಿರಲಿಲ್ಲ.

"ಎಡಗಡೆ," ಎಂದು ಯಾರೋ ಅಂದರು.

ನೀಲಕಂಠ ಮುಂದೆ ನೋಡುತ್ತ ಓಡಿಸಿದ.

"ಎಡಗಡೆ ಕಣ್ಲಾ! ಸ್ಟಾಪಲ್ಲಿ ಜನ ಅವ್ರೆ! ನೀಲಕಂಠ! ಎಡಗಡೆ!"

ಊರೆಲ್ಲ ಒಂದೇ ಬಾಯಲ್ಲಿ ಕಿರುಚಿತು. ಧಡ್ ಎಂದು ಸದ್ದಾಗಿ ಬಸ್ಸು ಅಲುಗಾಡಿ ನಿಂತಿತು. ಹೆಂಗಸರು ಮುಖ ಮುಚ್ಚಿಕೊಂಡರು. ಮಾಯಮ್ಮ ಗೋಡೆಗೊರಗಿ ಕುಸಿದಳು.

ನೀಲಕಂಠ ಬೆದರಿ ಎಲ್ಲರತ್ತ ನೋಡಿದ. "ಎಡಗಡೇದು ಇನ್ನೂ ಹಾಕೇ ಇಲ್ವಲ್ರಪ್ಪ," ಅಂದ. "ಆಫ್ತಾಬು, ಬರೀ ನಡುವಿಂದು ಹತ್ತೈತೆ. ಎಡಗಡೇದೆರಡು, ಬಲಗಡೇದೆರಡು ಆನ್ ಮಾಡಪ್ಪ."

ಆರು ಪರದೆಯೂ ಝಗಝಗ ಬೆಳಗುತ್ತಿದ್ದವು. ಎಡಗಡೆಯದರಲ್ಲಿ ಮುರಿದ ಬಸ್ ಸ್ಟಾಪು, ಅದರ ಕೆಳಗೆ ಬಿದ್ದ ಜನ ಎಲ್ಲರಿಗೂ ಕಾಣುತ್ತಿತ್ತು. ಯಶೋಧಾ ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದಳು.

ಮೊದಲು ಬಾಯಿ ಬಿಟ್ಟವನು ಚನ್ನಬಸವಯ್ಯ. ಅವನ ದನಿ ಮೊದಲ ಸಲ ನಿಜವಾಗಿ ಸಣ್ಣಗಾಗಿತ್ತು. "ಊಂ ಕಣ್ಲಾ. ಹತ್ತಿಲ್ಲ. ಕರೆಂಟು ಲೋ ಐತೆ."

"ಹೌದೌದು, ಹತ್ತಿಲ್ಲ," ಅಂದರು ಕಿಟಕಿಯವರು. "ನಮ್ಗೂ ಕಾಣ್ತಿಲ್ಲ," ಎಂದ ಇನ್ನೊಬ್ಬ. ಲತಾಮಣಿ ಮೇಡಂ ಕನ್ನಡಕ ತೆಗೆದು ಒರೆಸಿ, ಸರ್ಕಾರದ ಪರವಾಗಿ, "ಕತ್ತಲೆ ಇದೆ," ಅಂದರು. ಬಾಯಿ ತೆರೆಯಹೊರಟಿದ್ದ ಆಫ್ತಾಬ್ ಸುತ್ತ ನೋಡಿ, ಬಗ್ಗಿ, ಸರಿಯಾಗಿದ್ದ ವಯರನ್ನೇ ಅಲ್ಲಾಡಿಸತೊಡಗಿದ.

ನೀಲಕಂಠ ಮೆಲ್ಲಗೆ ಕತ್ತನ್ನು ಎಡಕ್ಕೆ ತಿರುಗಿಸಿದ. ಪರದೆ ಹತ್ತಿತು. ಮುರಿದ ಸ್ಟಾಪು ಕಂಡಿತು. ನೆಟ್ಟಗೆ ತಿರುಗಿಸಿದ. ಆರಿತು. ಬಲಕ್ಕೆ ತಿರುಗಿಸಿದ. ಹತ್ತಿತು. ಇನ್ನೊಮ್ಮೆ ಎಡಕ್ಕೆ ತಿರುಗಿಸಿ, ಬಿದ್ದವರನ್ನು ಬಹಳ ಹೊತ್ತು ನೋಡಿದ.

"ಹತ್ತವೆ ಕಣ್ರಪ್ಪ," ಅಂದ. "ನಂಗೇ ಕಾಣ್ತಿಲ್ಲ."

ಆಮೇಲೆ ಚಕ್ರದಿಂದ ಕೈ ತೆಗೆಯದೆ, ಯಾರ ಮುಖವನ್ನೂ ನೋಡದೆ, ಎಲ್ಲಾ ಹೇಳಿದ. ಕಂಟ್ರೋಲ್ ರೂಮಿಲ್ಲ, ಪ್ರಮೋಷನ್ನಿಲ್ಲ, ಗೇಟಿನಲ್ಲಿ ಕೂರುತ್ತೇನೆ. ಇದು ಮಕ್ಕಳು ಆಡುವ ಆಟ. ಬಸ್ಸು ಎಲ್ಲಿದೆ ಎಂದು ನನಗೆ ಯಾವತ್ತೂ ಕಂಡಿಲ್ಲ. ಮಾಯವ್ವ ಬಂದ ದಿನವೂ ಬಾಯಿಗೆ ಬಂದದ್ದು ಹೇಳಿದೆ.

ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಬಾಳೆಗೊನೆ ಕೊಟ್ಟಿದ್ದವನು ಮಾತ್ರ ಹಲ್ಲು ಕಡಿದು, "ಏನೂ ಕಾಣ್ತಿರ್ನಿಲ್ವಾ?" ಎಂದು ಕೇಳಿ, ತಲೆ ಚಚ್ಚಿಕೊಂಡು ಹೋದ. ಮಾಯಮ್ಮ ಎದ್ದು, ಸೆರಗು ಕೊಡವಿ ನಡೆದಳು.

ಮರುದಿನ ಯಶೋಧಾ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅದೇ ಬೋಗುಣಿ, ಅದೇ ಗುಂಡಿ. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಬದುಕಿರುವವರೆಗೂ ದಿನಾ ಹನಿ ಹಾಕಿಕೊಳ್ಳಿ ಅಂದರು. ಮೊದಲೇ ಬಂದಿದ್ದರೆ ಇನ್ನೊಂದಿಷ್ಟು ಉಳಿಯುತ್ತಿತ್ತು ಅಂತಲೂ ಅಂದರು. ಅವನು ಈ ಸಲ ಡಾಕ್ಟರನ್ನು ಬೈಯಲಿಲ್ಲ. ಯಂತ್ರವನ್ನು ಆಫ್ತಾಬ್ ಬಂದು ಬಿಚ್ಚಿಕೊಂಡು ಹೋದ. ಸ್ಟ್ಯಾಂಡಿನಲ್ಲಿ ಯಶೋಧಾ ಹಸುವಿನ ಹಿಂಡಿ ಚೀಲ ಇಟ್ಟಳು.

ಊರು ತನಗೆ ತೋಚಿದಂತೆ ನೀಲಕಂಠನ ಕಣ್ಣಿನ ಕೆಲಸ ವಹಿಸಿಕೊಂಡಿತು. ಪಕ್ಕದಿಂದ ಯಾರೇ ಬಂದರೂ ದೂರದಿಂದಲೇ ಕೂಗುತ್ತಿದ್ದರು: "ಬಲಗಡೆ ಚನ್ನಬಸವಯ್ಯ!" "ಎಡಗಡೆ ಎಮ್ಮೆ, ಎಮ್ಮೆ ಹಿಂದೆ ನಾನು!" ಅವನು, "ಕಣ್ಣಿಗ್ ಬಂದಿರೋದು ಕಣ್ರಯ್ಯ, ಕಿವಿಗಲ್ಲ!" ಎಂದು ರೇಗುತ್ತಿದ್ದ. ಕೂಗದೆ ಹಾದುಹೋಗುತ್ತಿದ್ದವಳು ಮಾಯಮ್ಮ ಒಬ್ಬಳೇ. ಅವಳು ಹಾದುಹೋದದ್ದು ಕುರಿಯ ವಾಸನೆಯಿಂದ ಅವನಿಗೆ ತಿಳಿಯುತ್ತಿತ್ತು.

ಒಂದು ಮುಂಜಾನೆ ಡಿಪೋಗೆ ಹೋಗಲು ಬಸ್ ಸ್ಟಾಪಿನತ್ತ ರಸ್ತೆ ದಾಟುತ್ತಿದ್ದಾಗ ಯಾರೋ ಅವನ ತೋಳು ಹಿಡಿದು ಹಿಂದಕ್ಕೆ ಜಗ್ಗಿದರು. ಎಡಗಡೆಯಿಂದ ಬಂದ ಬೈಕೊಂದು ಹೊಟ್ಟೆ ಸವರಿದಂತೆ ಹೋಯಿತು.

ತಿರುಗಿದ. ಮಾಯಮ್ಮ ಏದುಸಿರು ಬಿಡುತ್ತ ನಿಂತಿದ್ದಳು. ತೋಳು ಬಿಟ್ಟಿರಲಿಲ್ಲ.

"ನಮ್ಮಕ್ಕನ ಮಣ್ಣಿಗೆ ವೋಗಕ್ಕೆ ಬುಡ್ಲಿಲ್ಲ," ಅಂದಳು. "ಈಗ ನಿನ್ ಮಣ್ಣಿಗೆ ಬಾ ಅಂತೀಯಾ? ನಾ ಬರಾಕಿಲ್ಲ."

ನೀಲಕಂಠನ ಕಣ್ಣು ತುಂಬಿ, ಇದ್ದ ನಡುವಿನ ನೋಟವೂ ಕಲಸಿಹೋಯಿತು. ಅವಳು ಅವನನ್ನು ದಾಟಿಸಿ, ಕಲ್ಲು ಬೆಂಚಿನ ಮೇಲೆ ಕೂರಿಸಿ, ತಾನೂ ಕೂತಳು. ಮಂಜು ಇನ್ನೂ ಕರಗಿರಲಿಲ್ಲ. ಅವಳು ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣ ಸವರಿ, ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಅಗಿದಳು.

"ಬಸ್ಸು ಎಷ್ಟೊತ್ತಿಗೆ ಬತ್ತದೆ?" ಎಂದು ಕೇಳಿದಳು.

ಸೋಮವಾರ, ಸಂತೆ, ಮಂಜು, ಎಲ್ಲವೂ ನೀಲಕಂಠನ ನಾಲಗೆಯ ತುದಿಗೆ ಬಂದವು. ನುಂಗಿಕೊಂಡ.

"ಗೊತ್ತಿಲ್ಲ ಕಣವ್ವ."

"ಅಂಗೇಳು," ಅಂದಳು ಮಾಯಮ್ಮ, ಮತ್ತು ಅವನ ಎಡಗಡೆಗೆ ಕೊಂಚ ಸರಿದು ಕೂತು ರಸ್ತೆಯತ್ತ ನೋಡತೊಡಗಿದಳು.